ಕುಂಕುಮ ತುಂಬಿದ ಕಿಂಡಿ

ಮಲ್ಲೇಶ್ವರಂ,
18 ಸೆಪ್ಟೆಂಬರ್ 2025

ರೀ,

ಹನ್ನೊಂದು ವರ್ಷದ ಮೇಲೆ ಬರೆಯುವ ಕಾಗದವನ್ನು ಹೇಗೆ ಶುರು ಮಾಡುವುದೆಂದು ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಹಳೆಯ ಅಭ್ಯಾಸಕ್ಕೇ ಬಂದೆ. 'ಪ್ರೀತಿಯ' ಎಂದರೆ ಸುಳ್ಳಾಗುತ್ತದೆ, 'ಮಾನ್ಯರೇ' ಎಂದರೆ ನನಗೇ ನಗು ಬರುತ್ತದೆ. ನೀವು ಆರೋಗ್ಯವಾಗಿದ್ದೀರಿ, ಸಕ್ಕರೆ ಮಾತ್ರ ಸ್ವಲ್ಪ ಜಾಸ್ತಿಯಾಗಿದೆ ಎಂದು ಗಗನಾ ಹೇಳಿದಳು. ನಾನೂ ಚೆನ್ನಾಗಿದ್ದೇನೆ. ಕ್ಷೇಮಸಮಾಚಾರ ಇಷ್ಟೇ.

ಪ್ರೆಸ್ಸಿನ ಸುವರ್ಣ ಮಹೋತ್ಸವದ ಆಹ್ವಾನ ಪತ್ರಿಕೆಯನ್ನು ನಮ್ಮ ಮಗಳ ಕೈಯಲ್ಲಿ ಕಳಿಸಿದ್ದೀರಿ, ತಲುಪಿತು. ಒಳ್ಳೆಯ ದಪ್ಪ ಕಾಗದ, ಚಿನ್ನದ ಅಂಚು. ಅಕ್ಟೋಬರ್ ಒಂದು, ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತಕ್ಕೆ, ಚಾಮರಾಜಪೇಟೆಯ ಪ್ರೆಸ್ಸಿನ ಅಂಗಳದಲ್ಲಿ. ಮೇಲೆ ಮಾವನವರ ಫೋಟೋ. ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮೆಷಿನ್ ಇಟ್ಟುಕೊಂಡು ಶುರು ಮಾಡಿದ ದೊಡ್ಡಬೈರಪ್ಪನವರು ಫೋಟೋದಲ್ಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದಾರೆ. ಕೆಳಗೆ, '“ವೇಣು” ಅಕ್ಷರಗಳನ್ನು ರೂಪಿಸಿ ನಾಡಿನ ಮದುವೆ ಪತ್ರಿಕೆಗಳಿಗೆ ಸೊಬಗು ತಂದ ಅಕ್ಷರಶಿಲ್ಪಿ ಶ್ರೀ ಡಿ. ವೇಣುಗೋಪಾಲ್ ಅವರಿಗೆ ಸನ್ಮಾನ.' ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ, 'ಸಹಕಾರ: ಕುಟುಂಬ ವರ್ಗ.' ಆ ವರ್ಗದೊಳಗೆ ನಾನೂ ಎಲ್ಲೋ ಒಂದು ಮೂಲೆಯಲ್ಲಿ ಇರಬೇಕು, ನಿಮ್ಮ ತಂಗಿಯ ಮಕ್ಕಳ ಪಕ್ಕದಲ್ಲಿ.

ಪತ್ರಿಕೆಯ ಜೊತೆ ನಿಮ್ಮದೊಂದು ಮಾತನ್ನೂ ಗಗನಾ ಹೊತ್ತು ತಂದಳು. ಅಂಗಳದಲ್ಲಿ ಪ್ರದರ್ಶನ ಇಡುತ್ತೀರಂತೆ. ಟ್ರೆಡಲ್, ಅಚ್ಚುಮೊಳೆಯ ಪೆಟ್ಟಿಗೆ, ಮಾವನವರ ಕನ್ನಡಕ, ಅವುಗಳ ಪಕ್ಕ ನನ್ನ ಬಳಿ ಇರುವ ಹಳೆಯ ಮ್ಯಾಕ್ ಕಂಪ್ಯೂಟರು. “ನಿಮ್ಮಮ್ಮನ ಹತ್ರ ಆ ಡಬ್ಬಾ ಸುಮ್ನೆ ಬಿದ್ದಿರತ್ತೆ. ಹೆಂಗಿದ್ರೂ ಆನ್ ಆಗಲ್ಲ. ಒರೆಸಿ, ಒಂದು ಹಾರ ಹಾಕಿ ಇಟ್ಬಿಡೋಣ” ಎಂದು ಅವಳಿಗೆ ಹೇಳಿದಿರಂತೆ. ಹಾರ ಹಾಕಿ ಇಡುವುದು ಯಾರಿಗೆ ಎಂಬುದು ನಿಮಗೂ ಗೊತ್ತು. ನಿಮ್ಮ ಮಾತು ತಪ್ಪು ಎಂದು ತಿಳಿಸುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಅದು ಆನ್ ಆಗುತ್ತದೆ. ಹೋದ ಭಾನುವಾರ ಆಗಿದೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ನೇರವಾಗಿ ಬರೆದುಬಿಡುತ್ತೇನೆ. 'ವೇಣು' ಅಕ್ಷರಗಳನ್ನು ಬರೆದವಳು ನಾನು. ಸಹಕಾರ ಕೊಟ್ಟವಳಲ್ಲ. 1993ರಲ್ಲಿ ಮಾವನವರು ಆ ಯಂತ್ರ ತಂದಾಗ ಅದರ ಜೊತೆ ಬಂದ ಕನ್ನಡ ಅಕ್ಷರಗಳು ತೀರಾ ಸಪೂರ. ಮದುವೆ ಪತ್ರಿಕೆಗೆ ಚಿನ್ನದ ಬಣ್ಣದಲ್ಲಿ ಒತ್ತಿದರೆ ತಲೆಕಟ್ಟಿನ ತುದಿ ಮುರಿಯುತ್ತಿತ್ತು, ಹುಡುಗನ ಹೆಸರು ಒಂದು, ಅಚ್ಚಾಗಿದ್ದು ಇನ್ನೊಂದು ಎಂದು ಹೆಣ್ಣಿನ ಕಡೆಯವರು ಜಗಳಕ್ಕೆ ಬರುತ್ತಿದ್ದರು. ಅದಕ್ಕೆಂದೇ ನಾನು ತಲೆಕಟ್ಟಿನ ತುದಿಯನ್ನು ಮೊಂಡು ಮಾಡಿದೆ, ಒತ್ತಕ್ಷರಗಳ ಹೊಟ್ಟೆ ಅಗಲಿಸಿದೆ. ಒಟ್ಟು ಇನ್ನೂರ ಹದಿನೆಂಟು ಆಕಾರಗಳು. ಮಧ್ಯಾಹ್ನದ ಹೊತ್ತು, ಗಗನಾ ಕಾಗದದ ರೀಮುಗಳ ಮೇಲೆ ಮಲಗಿರುವಾಗ, ಒಂದೊಂದನ್ನೇ ಬರೆದು ಅಳಿಸಿ ಬರೆದೆ. ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು. ಆಗ ನೀವು ಆರ್ಡರ್ ಹಿಡಿಯಲು ಸ್ಕೂಟರಿನಲ್ಲಿ ಊರೆಲ್ಲ ಅಲೆಯುತ್ತಿದ್ದಿರಿ. ಅದೂ ಸಣ್ಣ ಕೆಲಸವಲ್ಲ, ನಾನು ಯಾವತ್ತೂ ಹಾಗೆ ಅಂದಿಲ್ಲ.

2014ರಲ್ಲಿ ಸುದ್ದಿಪತ್ರಿಕೆಯವರು ಮನೆಗೆ ಬಂದದ್ದು ನೆನಪಿದೆಯಲ್ಲ. ಆ ತಲೆಕಟ್ಟಿನ ತಿರುವು ನಿಮಗೆ ಬೇಲೂರಿನ ಶಿಲ್ಪ ನೋಡಿ ಹೊಳೆಯಿತು ಎಂದಿರಿ. ಬೇಲೂರಿಗೆ ನಾವು ಹೋಗಿದ್ದು ಒಂದೇ ಸಲ. ಅವತ್ತೂ ನೀವು ಗುಡಿಯ ಒಳಗೆ ಬರದೆ ಬಸ್ಸು ಎಲ್ಲಿ ಹೊರಟುಬಿಡುವುದೋ ಎಂದು ಹೊರಗೆ ಎಳನೀರು ಕುಡಿಯುತ್ತಾ ನಿಂತಿದ್ದಿರಿ. ನಾನು ಕಾಫಿ ತಂದಿಟ್ಟಾಗ ಸಂದರ್ಶನಕ್ಕೆ ಬಂದಿದ್ದ ಹೆಣ್ಣುಮಗಳು ನನ್ನ ಬಗ್ಗೆ ಕೇಳಿದಳು. “ಇವ್ರು ನಮ್ಮನೆಯವ್ರು. ಟೈಪಿಂಗ್ ಮಾಡ್ತಾರೆ” ಎಂದಿರಿ. ಅವಳು ಹೋದ ಮೇಲೆ ನಾನು ಕೇಳಿದ್ದಕ್ಕೆ “ಪೇಪರ್‌ನೋರ ಮುಂದೆ ಅದೆಲ್ಲ ಯಾಕೆ, ಒಂದೇ ಮನೆ ತಾನೆ” ಎಂದಿರಿ. ಮರುವಾರ ನಾನು ಒಂದು ಸೂಟ್‌ಕೇಸು, ಆ ಕಂಪ್ಯೂಟರು ಎರಡನ್ನೇ ಆಟೋದಲ್ಲಿಟ್ಟುಕೊಂಡು ಇಲ್ಲಿಗೆ ಬಂದೆ. “ಆ ಗುಜರಿ ತಗೊಂಡೋಗಿ ಏನ್ ಮಾಡ್ತೀಯ?” ಎಂದು ನೀವು ಬಾಗಿಲಲ್ಲಿ ನಿಂತು ಕೇಳಿದಿರಿ. ಆಗ ನನಗೆ ಗೊತ್ತಿರಲಿಲ್ಲ.

ಅದರ ಮಾನಿಟರು ನಿಮ್ಮಲ್ಲೇ ಉಳಿದಿತ್ತು. ಹಳೇ ಪೇಪರಿನವನಿಗೆ ಹಾಕಿದಿರಿ ಎಂದು ಆಮೇಲೆ ತಿಳಿಯಿತು. ಇಷ್ಟು ವರ್ಷ ಯಂತ್ರ ನನ್ನ ಮಂಚದ ಕೆಳಗೆ ಹಳೆಯ ಸೀರೆ ಹೊದ್ದು ಕೂತಿತ್ತು. ನಿಮ್ಮ 'ಹೆಂಗಿದ್ರೂ ಆನ್ ಆಗಲ್ಲ' ಕೇಳಿದ ಮೇಲೆ ಅದನ್ನು ಹೊರಗೆಳೆದೆ. ಪ್ರೂಫ್ ನೋಡುವ ಕೆಲಸಕ್ಕೆ ಮನೆಯಲ್ಲೊಂದು ಈಗಿನ ಚಪ್ಪಟೆ ಮಾನಿಟರ್ ಇಟ್ಟುಕೊಂಡಿದ್ದೇನೆ, ಅದಕ್ಕೆ ಇದನ್ನು ಜೋಡಿಸಿದರಾಯಿತು ಎಂದುಕೊಂಡೆ. ಅಷ್ಟು ಸುಲಭವಿರಲಿಲ್ಲ. ಎಸ್.ಪಿ. ರಸ್ತೆಯ ಮೊದಲನೆಯ ಅಂಗಡಿಯವನು ಒಂದು ಕೇಬಲ್ ಕೊಟ್ಟು, “ಹದಿನೈದು ಪಿನ್ ತಾನೆ ಮೇಡಂ? ಇದೂ ಹದಿನೈದೇ. ಸ್ವಲ್ಪ ಒತ್ತಿ, ಹೋಗತ್ತೆ” ಎಂದ. ಮನೆಗೆ ಬಂದು ನೋಡಿದರೆ ಕಂಪ್ಯೂಟರಿನ ಹದಿನೈದು ರಂಧ್ರಗಳು ಎರಡು ಸಾಲು, ಕೇಬಲ್ಲಿನ ಹದಿನೈದು ಪಿನ್ನುಗಳು ಮೂರು ಸಾಲು. ಒತ್ತಿದ್ದರೆ ಎರಡೂ ಹಾಳಾಗುತ್ತಿದ್ದವು. ಮರುದಿನ ಅವನಿಗೇ ವಾಪಸು ಕೊಟ್ಟು ಬಂದೆ.

ಅದೇ ರಸ್ತೆಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ರಿಪೇರಿ ಅಂಗಡಿಯಲ್ಲಿ ಬಸವಪ್ರಭು ಸಿಕ್ಕಿದರು. ಆಗೆಲ್ಲ ಪ್ರೆಸ್ಸುಗಳಿಗೆ ಸರ್ವಿಸಿಗೆ ಬರುತ್ತಿದ್ದರಲ್ಲ, ಸ್ಕ್ರೂ ಬಿಚ್ಚುವ ಮುಂಚೆ ಯಂತ್ರಕ್ಕೆ ನಮಸ್ಕಾರ ಮಾಡುತ್ತಿದ್ದ ಎತ್ತರದ ಮನುಷ್ಯ, ಅವರೇ. ಕೂದಲು ಪೂರ್ತಿ ಹೋಗಿದೆ, ನೆನಪು ಹೋಗಿಲ್ಲ. “ದೊಡ್ಡಬೈರಪ್ಪನವ್ರ ಸೊಸೆ ಅಲ್ವಾ? ನಾನು ಯಾವಾಗ ಬಂದ್ರೂ ನೀವೇ ಆ ಮೆಷಿನ್ ಮುಂದೆ ಕೂತಿರ್ತಿದ್ರಿ. ನಿಮ್ಮನ್ನ ಎಬ್ಬಿಸೋಕೇ ಹೆದರ್ತಿದ್ದೆ” ಎಂದರು. ನಾನು ಏನೂ ಹೇಳಿಕೊಡಲಿಲ್ಲ, ಅವರಾಗಿಯೇ ಹೇಳಿದರು. ಬಿಸ್ಕತ್ತಿನ ಡಬ್ಬಿಯಲ್ಲಿ ತಡಕಾಡಿ ಒಂದು ಅಡಾಪ್ಟರ್ ತೆಗೆದುಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ಮುಖದಲ್ಲಿ ಎರಡು ಸಾಲು, ಇನ್ನೊಂದರಲ್ಲಿ ಮೂರು ಸಾಲು, ಬೆನ್ನ ಮೇಲೆ ಅಕ್ಕಿಕಾಳಿನಂಥ ಹತ್ತು ಸ್ವಿಚ್ಚುಗಳು. “ಎದುರಿಗೆ ಎಂಥ ಮಾನಿಟರ್ ಇದೆ ಅಂತ ಈ ಸ್ವಿಚ್ಚುಗಳೇ ಕಂಪ್ಯೂಟರಿಗೆ ಹೇಳ್ಬೇಕಮ್ಮ. ತಪ್ಪು ಹೇಳಿದ್ರೆ ಪರದೆ ಕಪ್ಪಗೇ ಇರತ್ತೆ. ಯಾವ್ದು ಮೇಲಕ್ಕೆ, ಯಾವ್ದು ಕೆಳಕ್ಕೆ ಅನ್ನೋ ಚೀಟಿ ಮಾತ್ರ ಕಳ್ದೋಗಿದೆ” ಎಂದು ಬೇಜಾರು ಮಾಡಿಕೊಂಡರು.

ಮನೆಗೆ ಬಂದು ಅಡಾಪ್ಟರ್ ಹಾಕಲು ಹೋದರೆ ಅದು ಅರ್ಧಕ್ಕೇ ನಿಂತಿತು. ಟಾರ್ಚ್ ಹಿಡಿದು ಕಂಪ್ಯೂಟರಿನ ಬೆನ್ನಿನ ಕಿಂಡಿಯೊಳಗೆ ಬಗ್ಗಿ ನೋಡಿದೆ. ಕೆಂಪಗಿತ್ತು. ಒಣಗಿದ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಗಂಧ, ಪದರ ಪದರ. ನೆಲದ ಮೇಲೆ ಕೂತು ನಾನು ಎಷ್ಟು ಹೊತ್ತು ನಕ್ಕೆನೆಂದರೆ ಕೆಳಗಿನ ಮನೆಯ ಗಿರಿಜಾಂಬಾ ಏನಾಯಿತೋ ಎಂದು ಮೇಲೆ ಬಂದರು.

ನಮ್ಮ ಪ್ರೆಸ್ಸಿನ ಪದ್ಧತಿ ನಿಮಗೆ ನೆನಪಿಸಬೇಕಿಲ್ಲ. ಆಯುಧಪೂಜೆಗೆ ಪ್ರತಿಯೊಬ್ಬರೂ ತಾವು ದುಡಿಯುವ ಯಂತ್ರಕ್ಕೆ ತಾವೇ ಪೂಜೆ ಮಾಡಬೇಕು, ಇನ್ನೊಬ್ಬರ ಯಂತ್ರ ಮುಟ್ಟಬಾರದು. ಮಾವನವರು ಹಾಕಿದ ಕಟ್ಟು. ಟ್ರೆಡಲ್ಲಿಗೆ ಆಂಜಿನಯ್ಯ, ಕಟಿಂಗ್ ಮೆಷಿನ್ನಿಗೆ ನಂದೀಶ, ಅಂಟಿನ ಬಕೆಟ್ಟಿಗೂ ಬೈಂಡಿಂಗಿನ ಮಾರಕ್ಕನೇ ಕುಂಕುಮ ಇಡುತ್ತಿದ್ದಳು. ಕಂಪ್ಯೂಟರಿಗೆ ಮಾತ್ರ ಪ್ರತಿ ವರ್ಷ ನೀವು. ಮೊದಲ ವರ್ಷ ನಾನು ತಟ್ಟೆ ಹಿಡಿದು ಎದ್ದಾಗ, “ಅದು ದುಬಾರಿ ಮೆಷಿನ್ನು, ಯಜಮಾನ ಮಾಡ್ಲಿ ಬಿಡು” ಎಂದು ತಟ್ಟೆ ತೆಗೆದುಕೊಂಡಿರಿ. ಮಾವನವರು ಕಡಲೆಪುರಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಮುಂದಿನ ಇಪ್ಪತ್ತು ವರ್ಷ ನಾನು ಕಡಲೆಪುರಿ ಹಂಚಿದೆ. ಆ ಇಪ್ಪತ್ತು ವರ್ಷವೂ ನೀವು ಮುಂದಕ್ಕೊಂದು ಬೊಟ್ಟು, ಹಿಂದಕ್ಕೊಂದು ಬೊಟ್ಟು ಇಡುತ್ತಾ, ಹಿಂದಿನದನ್ನು ಸರಿಯಾಗಿ ಚಿತ್ರ ಹೊರಡುವ ಕಿಂಡಿಯ ಅಂಚಿಗೇ ಒತ್ತಿದ್ದೀರಿ. ಎರಡು ದಿನ ಆ ಯಂತ್ರದ ಮುಂದೆ ಕೂತು ಕೆಲಸ ಮಾಡಿದವರು ಯಾರೂ ಅಲ್ಲಿಗೆ ಗಂಧ ಹಚ್ಚುವುದಿಲ್ಲ. ಆಗೆಲ್ಲ ಹಳೆಯ ಮಾನಿಟರಿನ ಕೇಬಲ್ ಅಲ್ಲೇ ಸಿಕ್ಕಿಸಿದ್ದು ಬಿಚ್ಚಿರಲಿಲ್ಲ, ಅದಕ್ಕೇ ಸಂದಿಯಲ್ಲಿ ಇಳಿದದ್ದು ಕಾಣಲಿಲ್ಲ. ನಿಮ್ಮ ಬೆರಳಿನ ಗುರುತು ಆ ಯಂತ್ರದ ಮೇಲೆ ಇರುವುದು ನಿಜ, ನಾನು ಒಪ್ಪುತ್ತೇನೆ. ಅದು ಇರುವ ಜಾಗ ಆ ಕಿಂಡಿ.

ಹಲ್ಲುಕಡ್ಡಿ, ಸ್ಪಿರಿಟ್ಟು, ಹತ್ತಿ ಇಟ್ಟುಕೊಂಡು ಒಂದು ಬೆಳಿಗ್ಗೆ ಪೂರ್ತಿ ಕಿಂಡಿ ಬಿಡಿಸಿದೆ. ಆಮೇಲೆ ಸ್ವಿಚ್ಚುಗಳು. ಹತ್ತು ಸ್ವಿಚ್ಚು, ಒಂದೊಂದೂ ಮೇಲಕ್ಕೋ ಕೆಳಕ್ಕೋ, ಒಟ್ಟು ಸಾವಿರದ ಇಪ್ಪತ್ತನಾಲ್ಕು ಬಗೆ. ಗಗನಾ ಫೋನಿನಲ್ಲಿ “ಬಿಡಮ್ಮ, ಈ ವಯಸ್ಸಲ್ಲಿ ಯಾಕೆ ಹಟ” ಎಂದಳು. ಒತ್ತಕ್ಷರ ಬರೆದವಳಿಗೆ ಹತ್ತು ಸ್ವಿಚ್ಚು ಯಾವ ಲೆಕ್ಕ ಎಂದೆ. ಒಂದು ಬಗೆ ಹಾಕುವುದು, ಯಂತ್ರ ಆನ್ ಮಾಡುವುದು, ಕಪ್ಪು ಪರದೆ ನೋಡುವುದು, ಆರಿಸುವುದು, ನೋಟ್‌ಬುಕ್ಕಿನಲ್ಲಿ ಕಾಟು ಹೊಡೆಯುವುದು. ಪ್ರತಿ ಸಲವೂ ಆರಿಸಿಯೇ ಆನ್ ಮಾಡಬೇಕು, ಏಕೆಂದರೆ ಅದು ಏಳುವಾಗ ಒಂದೇ ಸಲ ಮಾನಿಟರ್ ಯಾವುದು ಎಂದು ಕೇಳುತ್ತದೆ. ಐದು ದಿನ ಬೆಳಿಗ್ಗೆ ಕಾಫಿಯಾದ ಮೇಲೆ ಅದೇ ಕೆಲಸ. ಭಾನುವಾರ ಗಗನಾ ಬಂದು ನೋಡುತ್ತಾ ಕೂತಿದ್ದಳು, ನನಗೆ ಬುದ್ಧಿ ಹೇಳುವುದಕ್ಕೆಂದೇ ಬಂದಿದ್ದಳು. ನಲವತ್ತಮೂರನೆಯದಕ್ಕೆ ಪರದೆ ಬೆಳಗಿತು.

ಮೊದಲು ಎಲ್ಲವೂ ಹಸಿರುನೀಲಿ. ಬೆಳ್ಳಗಿರಬೇಕಾದದ್ದೂ ಹಸಿರುನೀಲಿ. ಕೆಂಪು ಬಣ್ಣ ಹಾದುಬರುವ ರಂಧ್ರವೊಂದರಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಮತ್ತೆ ಕಡ್ಡಿ ಹಾಕಿ ತೆಗೆದು ಆನ್ ಮಾಡಿದೆ. ಈ ಸಲ ಪರದೆ ಬೆಳ್ಳಗಾಯಿತು, ಮೂಲೆಯಲ್ಲಿ ನನ್ನ ಹಳೆಯ ಫೋಲ್ಡರುಗಳು ಇಟ್ಟಲ್ಲೇ ಇದ್ದವು. ಬ್ಯಾಟರಿ ಸತ್ತಿದ್ದರಿಂದ ಗಡಿಯಾರ 1904ನೇ ಇಸವಿ ತೋರಿಸುತ್ತಿತ್ತು, ಆದರೆ ಅಕ್ಷರಗಳ ಫೈಲುಗಳ ಮೇಲಿನ ತಾರೀಕು ಹಾಗೇ ಇತ್ತು. ಕೊನೆಯದು 1995ರ ಫೆಬ್ರವರಿ. ನನಗೆ ಅಳು ಬಂತು. ಅದನ್ನು ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕಿದೆ.

ಈಗ ನನಗೆ ಬರೆಯಲು ಇಷ್ಟವಿಲ್ಲದ ಭಾಗ. ಅಕ್ಷರಗಳ ಫೈಲನ್ನು ತೆರೆದು, ಅದರ ವಿವರದ ಪುಟವನ್ನು ಗಗನಾಗೆ ತೋರಿಸಿದೆ. ರೂಪಿಸಿದವರು ಎಂಬಲ್ಲಿ ನಿಮ್ಮ ಹೆಸರಿತ್ತು. “ನೋಡಮ್ಮ, ಅಪ್ಪನ ಹೆಸರೇ ಇದೆಯಲ್ಲ” ಎಂದಳು. ಮೆಲ್ಲಗೆ ಹೇಳಿದಳು, ನನಗೆ ನೋವಾಗಬಾರದು ಎಂದು. ಅದೇ ಹೆಚ್ಚು ನೋವಾಯಿತು. ಆ ಹೆಸರನ್ನು ಟೈಪ್ ಮಾಡಿದ್ದು ನಾನೇ. ನೀವು ಹಿಂದೆ ನಿಂತು, “ನನ್ ಹೆಸ್ರು ಹಾಕು, ಪ್ರೆಸ್ಸಿಗೆ ಒಂದು ತೂಕ ಇರತ್ತೆ” ಎಂದಿರಿ. ನಾನು ಖುಷಿಯಿಂದಲೇ ಹಾಕಿದೆ. ಬಾಯಲ್ಲಿ ಗಂಡನ ಹೆಸರು ಹೇಳದ ಮನೆಯಲ್ಲಿ ಬೆಳೆದವಳು, ಬೆರಳಲ್ಲಿ ಹೇಳಿದೆನೆಂದು ನಾಚಿಕೊಂಡಿದ್ದೆ ಕೂಡ. ಅಷ್ಟು ದಡ್ಡಿ ನಾನು.

ಆದರೆ ಪೂರ್ತಿ ದಡ್ಡಿಯಲ್ಲ. ನೀವು ಆರ್ಡರಿಗೆ ಹೊರಟ ಮೇಲೆ ಅದೇ ಮಧ್ಯಾಹ್ನ ಇನ್ನೊಂದು ಆಕಾರ ಬರೆದೆ, ಇನ್ನೂರ ಹತ್ತೊಂಬತ್ತನೆಯದು. ಕನ್ನಡ ಟೈಪ್ ಮಾಡುವ ಯಾರಿಗೂ ಎಂದೂ ಬೇಕಾಗದ ಕಡೆ, ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಬರುವಂತೆ ಅದನ್ನು ಅಡಗಿಸಿಟ್ಟೆ. ಅದು ನನ್ನ ಗುರುತು. ಅವತ್ತಿನಿಂದ ಈ ಊರಿನ ಡಿಟಿಪಿ ಅಂಗಡಿಗಳಿಗೆ ನಕಲಾಗಿ ಹೋದ ಪ್ರತಿಯೊಂದು 'ವೇಣು'ವಿನಲ್ಲೂ ಅದು ಕೂತಿದೆ. ಯಾವ ಮೂರು ಕೀ ಎಂಬುದು ನನಗೇ ಮರೆತಿತ್ತು. ಭಾನುವಾರ ಗಗನಾ ಪಕ್ಕದಲ್ಲಿ ಕೂತಿರುವಾಗ ಯೋಚಿಸುವುದನ್ನು ಬಿಟ್ಟು ಕೈಯನ್ನು ಕೀಬೋರ್ಡಿನ ಮೇಲಿಟ್ಟೆ. ಕೈಗೆ ನೆನಪಿತ್ತು. ಪರದೆಯ ಮೇಲೆ ಅದು ಬಂತು.

ಗಗನಾ ತುಂಬ ಹೊತ್ತು ನೋಡಿದಳು. ಅವಳ ಮದುವೆ ಪತ್ರಿಕೆ ಇದೇ ಅಕ್ಷರದಲ್ಲಿ ಅಚ್ಚಾದದ್ದು. 'ನಮ್ಮಪ್ಪನ ಅಕ್ಷರ' ಎಂದು ಆಫೀಸಿನವರಿಗೆಲ್ಲ ತೋರಿಸಿದ್ದಳು, ನಾನು ಪಕ್ಕದಲ್ಲಿ ನಿಂತು ತಾಂಬೂಲ ಕೊಡುತ್ತಿದ್ದೆ. “ಯಾಕಮ್ಮ ಇಷ್ಟ್ ವರ್ಷ ನಂಗೆ ಹೇಳ್ಲಿಲ್ಲ?” ಎಂದು ಕೇಳಿದಳು. ಹೇಳಿದ್ದೆ. ಮನೆ ಬಿಟ್ಟಾಗ ಹೇಳಿದ್ದೆ. ಆಗ ಅವಳಿಗೆ ಅದು ಅಪ್ಪ ಅಮ್ಮನ ಜಗಳವಾಗಿ ಕೇಳಿಸಿತ್ತು. ಈ ಸಲ ಕಣ್ಣಾರೆ ನೋಡಿದ್ದಾಳೆ. ನನ್ನ ಮಗಳು ನನ್ನನ್ನು ಟೈಪಿಂಗ್ ಮಾಡುತ್ತಿದ್ದವಳು ಎಂದುಕೊಂಡೇ ಬಾಳುವುದು ನನಗೆ ಬೇಡವಾಗಿತ್ತು. ಅದೊಂದು ಮುಗಿಯಿತು. ಇನ್ನು ಉಳಿದದ್ದು ನಿಮ್ಮ ಅಂಗಳ.

ಕಂಪ್ಯೂಟರ್ ಬರುತ್ತದೆ. ನಾನೇ ತರುತ್ತೇನೆ, ಅಡಾಪ್ಟರೂ ನನ್ನ ಮಾನಿಟರೂ ಜೊತೆಗಿರುತ್ತವೆ. ಹಾರ ತರಿಸಬೇಡಿ. ಅದು ಆನ್ ಆಗಿಯೇ ಕೂರುತ್ತದೆ. ಮಾವನವರ ಕಟ್ಟಿನ ಪ್ರಕಾರ ಅದರ ಪೂಜೆ ಈ ಸಲ ನಾನು ಮಾಡುತ್ತೇನೆ, ಬೊಟ್ಟು ಎಲ್ಲಿಡಬೇಕೆಂದು ನನಗೆ ಗೊತ್ತು. ಆಂಜಿನಯ್ಯ, ಮಾರಕ್ಕ ಇಬ್ಬರಿಗೂ ನಾನೇ ಫೋನ್ ಮಾಡಿ ಬನ್ನಿ ಎಂದಿದ್ದೇನೆ. ಮಾರಕ್ಕ, “ಅಯ್ಯೋ ಬತ್ತೀನಿ ಕಣವ್ವ, ನೀನು ತಟ್ಟೆ ಹಿಡ್ಯೋದ್ನ ನೋಡ್ಬೇಕು” ಎಂದಳು. ಅವಳಿಗೆ ಆ ಮೊದಲ ವರ್ಷದ ತಟ್ಟೆ ನೆನಪಿದೆ.

ನಿಮ್ಮ ಶಾಲು, ಹಣ್ಣಿನ ಬುಟ್ಟಿ ನನಗೆ ಬೇಡ. ನೀವು ಹೊದ್ದುಕೊಳ್ಳಿ. ಆದರೆ ಅದಕ್ಕೆ ಮುಂಚೆ ಎರಡರಲ್ಲಿ ಒಂದು ಮಾಡಿ. ಇನ್ನೂ ಹದಿಮೂರು ದಿನ ಇದೆ, ಪ್ರೆಸ್ಸು ನಿಮ್ಮದೇ, ಹೊಸ ಪತ್ರಿಕೆ ಒಂದು ಮಧ್ಯಾಹ್ನದ ಕೆಲಸ. ಅಕ್ಷರ ಬರೆದವಳು ಮಾಧವಿ ಎಂದು ಅದರಲ್ಲಿ ಹಾಕಿ. ಅಥವಾ ಅಂದು ಎಲ್ಲರ ಮುಂದೆ ಆ ಕಂಪ್ಯೂಟರಿನ ಎದುರು ಕೂತು, ಬರೆದವರ ಗುರುತು ಯಾವ ಕೀಗಳಲ್ಲಿದೆಯೋ ಅವನ್ನು ಒತ್ತಿ ತೋರಿಸಿ. ಯಾವ ಕೀಗಳು ಎಂದು ನಾನು ಹೇಳುವುದಿಲ್ಲ, ಗಗನಾಳೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ನೀವೇ ಬರೆದಿದ್ದರೆ ನಿಮಗೆ ಗೊತ್ತಿರಬೇಕು. ನಿಮ್ಮ ಕೈಗೆ ನೆನಪಾಗದಿದ್ದರೆ ನಾನು ಒತ್ತುತ್ತೇನೆ.

ಹೆದರಿಸುತ್ತಿದ್ದಾಳೆ ಎಂದುಕೊಳ್ಳುತ್ತೀರಿ. ಹೌದು, ಹೆದರಿಸುತ್ತಿದ್ದೇನೆ. ಇಪ್ಪತ್ತು ವರ್ಷ ಕಾಫಿ ತಂದಿಟ್ಟು ನೋಡಿದೆ, ಅದರಿಂದ ಏನೂ ಆಗಲಿಲ್ಲ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳಿ. ಅಂದು ಅಂಗಳದಲ್ಲಿ ತುಂಬ ಹೊತ್ತು ನಿಲ್ಲಬೇಕಾಗುತ್ತದೆ.

ಇಂತಿ,
'ವೇಣು' ಅಕ್ಷರಗಳನ್ನು ಬರೆದ
ಮಾಧವಿ

ತಾ.ಕ.: ಅದು ನನ್ನ ಗುರುತು ಎಂದು ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ. ಭಾನುವಾರ ಅದು ಪರದೆಯ ಮೇಲೆ ಬಂದಾಗಲೇ ನನಗೂ ನೆನಪಾದದ್ದು. ಅಲ್ಲಿರುವುದು ಎರಡು ಅಕ್ಷರ, ನನ್ನ 'ಮಾ', ಅದಕ್ಕೆ ಒರಗಿಕೊಂಡು ನಿಮ್ಮ 'ವೇ'. ಗಗನಾ ಅಷ್ಟು ಹೊತ್ತು ನೋಡಿದ್ದು ಅದನ್ನೇ. ಬೇಕಿದ್ದರೆ ಈಗಲೂ ನಿಮ್ಮದನ್ನು ಅಳಿಸಬಹುದು, ಎರಡು ನಿಮಿಷದ ಕೆಲಸ. ಅಳಿಸಿಲ್ಲ, ಅಳಿಸುವುದೂ ಇಲ್ಲ. ಯಾರೂ ಒತ್ತದ ಆ ಮೂರು ಕೀಗಳ ಹಿಂದೆ ನಾನು ನಿಮಗೆ ಜಾಗ ಬಿಟ್ಟಿದ್ದೆ. ನಿಮ್ಮ ಪತ್ರಿಕೆ ಎರಡೂ ಮಗ್ಗುಲು ಸೇರಿ ನಾಲ್ಕು ಪುಟ ಇದೆ, ನನ್ನ ಹೆಸರಿಗೆ ಒಂದು ಸಾಲು ಸಾಕು.